ಹಳೆ ಆಸ್ಪತ್ರೆಯ ಪಿಂಗಾಣಿ

ಆ ಬೆಳಿಗ್ಗೆ ನೇತ್ರಾವತಿಯ ಮೇಲೆ ಎಂಥ ಮಂಜು ಕವಿದಿತ್ತೆಂದರೆ, ಪಾಣೆಮಂಗಳೂರು ಸೇತುವೆಯ ನಡುವಿಗೆ ಬಂದ ಲಾರಿ ಮುಂದೆ ಹೋಗಲಾರದೆ ನಿಂತುಬಿಟ್ಟಿತು. ಕೆಳಗೆ ಹೊಳೆ ಕಾಣುತ್ತಿರಲಿಲ್ಲ, ಮುಂದೆ ದಡವೂ ಕಾಣುತ್ತಿರಲಿಲ್ಲ. ಎಲ್ಲೋ ಕೆಳಗಿನಿಂದ ದೋಣಿಯವನೊಬ್ಬ ಇನ್ನೊಬ್ಬನನ್ನು ಕರೆಯುವ ದನಿ ಮಾತ್ರ ಬರುತ್ತಿತ್ತು. ಡ್ರೈವರ್ ದೀಪ ಹಾಕಿದ, ಆರಿಸಿದ, ಮತ್ತೆ ಹಾಕಿದ. ಕೊನೆಗೆ ಒಂದು ಬೀಡಿ ಹಚ್ಚಿ ಸುಮ್ಮನೆ ಕುಳಿತ.

ಹಿಂದಿನ ತೊಟ್ಟಿಯಲ್ಲಿ ಗೋಣಿ ಹೊದ್ದು ಕುಳಿತಿದ್ದ ಮೇಸ್ತ್ರಿ ಅಣ್ಣು ಕೂಗಿ ಕೇಳಿದ: "ಎದುರು ಸೇತುವೆ ಉಂಟಾ ಧನಿ? ಅಲ್ಲ, ಅದನ್ನೂ ಯಾರಾದ್ರೂ ಹರಾಜಿನಲ್ಲಿ ತಕೊಂಡು ಹೋದ್ರಾ?"

ಡ್ರೈವರನ ಬದಿಯಲ್ಲಿದ್ದ ಸುಧಾಕರ ಗಾಜನ್ನು ಅಂಗೈಯಲ್ಲಿ ಒರೆಸಿದ. ಕಲ್ಲಡ್ಕದ ಅವನ ಹೋಟೆಲಿಗೆ ಹೊಸ ಹಂಚಿನ ಮಾಡು ಏರಿತ್ತು. ಊಟ ಮಾಡಿದವರು ಹಿತ್ತಿಲಿನ ಬಾಳೆಬುಡಕ್ಕೆ ಹೋಗಿ ಕೈತೊಳೆಯುವ ಕಾಲ ಇನ್ನು ಸಾಕು, ಮಂಗಳೂರಿನ ಹೋಟೆಲುಗಳ ಹಾಗೆ ಗೋಡೆಗೆ ಬಿಳಿಯ ಬೇಸಿನ್ನು, ಹಿತ್ತಾಳೆಯ ನಳ್ಳಿ ಇರಬೇಕು ಎಂಬುದು ಅವನ ಆಸೆ. ಬಂಟ್ವಾಳದಲ್ಲಿ ಹೊಳೆ ಬದಿಯ ಹಳೆಯ ಆಸ್ಪತ್ರೆಯನ್ನು ಮುಚ್ಚಿ, ಮೇಲಿನ ರಸ್ತೆಯ ಹೊಸ ಕಟ್ಟಡಕ್ಕೆ ಸಾಗಿಸಿ ಎರಡು ಮಳೆಗಾಲ ಕಳೆದಿತ್ತು. ವರ್ಷವರ್ಷ ನೆರೆ ಬಂದು ವಾರ್ಡಿನೊಳಗೆ ಕೆಸರು ಬಿಟ್ಟುಹೋಗುತ್ತಿದ್ದ ಕಟ್ಟಡ ಅದು. ಕೆಡವುವ ಮೊದಲು ಅದರೊಳಗಿನ ಪಿಂಗಾಣಿ ಸಾಮಾನನ್ನು ಹರಾಜು ಹಾಕಿದರು. ಕೂಗಿದವರಲ್ಲಿ ಕೊನೆಗೆ ಉಳಿದವನು ಸುಧಾಕರ.

ಅವನು ನೆನೆಸದೆ ಇದ್ದದ್ದು ಒಂದೇ. ವಿಟ್ಲದ ಆಚೆಯ ಮನೆ ಬಿಟ್ಟು ಪೇಟೆಗೂ ಬಾರದ ತಾಯಿ ಕಾವೇರಮ್ಮ, ಈ ಸುದ್ದಿ ಕೇಳಿದ್ದೇ, ನಾನೂ ಬರ್ತೇನೆ ಎಂದು ಹೊರಟಿದ್ದರು. "ಅಲ್ಲಿ ನಿಮಗೆ ಎಂತ ಕೆಲಸ ಅಮ್ಮ?" ಎಂದು ಕೇಳಿದ್ದಕ್ಕೆ, "ಎಂತದೂ ಇಲ್ಲ. ಒಮ್ಮೆ ನೋಡಿ ಬರುವ," ಎಂದಿದ್ದರು. ಈಗ ಅವನ ಪಕ್ಕದಲ್ಲಿ, ಸೆರಗನ್ನು ಕಿವಿಯ ಸುತ್ತ ಎಳೆದುಕೊಂಡು, ಏನೂ ಕಾಣದ ಗಾಜಿನ ಆಚೆಗೆ ನೋಡುತ್ತ ಕುಳಿತಿದ್ದರು.

ಕಾವೇರಮ್ಮನ ಮಗಳು ವಿನೋದಾ ಆ ಆಸ್ಪತ್ರೆಯಲ್ಲಿ ತೀರಿಕೊಂಡವಳು. ಐವತ್ತನಾಲ್ಕನೆಯ ಇಸವಿಯ ಪಗ್ಗು ತಿಂಗಳು, ನಡುಬೇಸಿಗೆ, ಊರಿಗೆ ವಾಂತಿಭೇದಿ ಹೊಕ್ಕ ವರ್ಷ. ಹುಡುಗಿಗೆ ಆಗ ಹತ್ತೊಂಬತ್ತು. ಗಾಡಿಯಲ್ಲಿ ಮಲಗಿಸಿ ತಂದು ಸೇರಿಸಿದರು; ಜೊತೆಗೆ ನಿಲ್ಲಲು ಯಾರನ್ನೂ ಒಳಗೆ ಬಿಡಲಿಲ್ಲ. ಕಾವೇರಮ್ಮ ಗೇಟಿನಿಂದಲೇ ಹಿಂದಿರುಗಿದರು.

ಮನೆಯಲ್ಲಿ ಆ ವಾರ ದೈವದ ನೇಮ. ಯಜಮಾನಿಕೆ ಕಾವೇರಮ್ಮನ ಅಣ್ಣ ಶಂಭುವಿನದು. ದೈವದ ಒಡವೆಗಳ ಭಂಡಾರ ಇಳಿದಾಗಿತ್ತು, ಚಪ್ಪರ ಎದ್ದಾಗಿತ್ತು, ಊರಿಗೆ ಊರೇ ನೆರೆದಿತ್ತು. ಸಾವಿನ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಸೂತಕ, ಬೀಳದಿದ್ದರೆ ಇಲ್ಲ. ಯಜಮಾನನಿಗೆ ಸೂತಕ ಬಂದರೆ ದೈವ ಅಂಗಳದಲ್ಲಿ ನಿಂತಲ್ಲೇ ನಿಲ್ಲಬೇಕು. ಆ ಮಧ್ಯಾಹ್ನ ತೆಂಗಿನ ಎಳೆಗರಿಯ ಸಿರಿ ಸೀಳುತ್ತ ಜಗಲಿಯಲ್ಲಿದ್ದ ಕಾವೇರಮ್ಮ, ಆಸ್ಪತ್ರೆಯ ಖಾಕಿ ಅಂಗಿಯ ಒಬ್ಬಾತ ಗದ್ದೆಯ ಹುಣಿಯಲ್ಲಿ ಬರುವುದನ್ನು ಕಂಡರು. ಶಂಭು ಎದ್ದು ಬೇಲಿಯ ದಾಟಿನವರೆಗೆ ಹೋದ. ಬಂದವನು ಬಾಯಿ ತೆರೆಯುವ ಮೊದಲೇ ಅವನ ಎದುರು ಅಂಗೈ ಎತ್ತಿ ಹಿಡಿದ. ಏನೋ ಹೇಳಿದ. ಬಂದವನು ತಲೆ ತಗ್ಗಿಸಿ ಬಂದ ದಾರಿಯಲ್ಲೇ ತಿರುಗಿದ. ಶಂಭು ಬೇಲಿಯ ಗೂಟವನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತ.

"ಯಾರಣ್ಣ ಅದು?" ಎಂದು ಕೇಳಲು ಕಾವೇರಮ್ಮನ ನಾಲಗೆ ಎದ್ದಿತ್ತು. ಕೇಳಿದರೆ, ಸುದ್ದಿ ಕೇಳಿದ ಹಾಗಾಗುತ್ತದೆ. ಅವರು ಸಿರಿಯ ಕಟ್ಟನ್ನು ಎತ್ತಿಕೊಂಡು ಒಳಗೆ ಹೋದರು.

ನೇಮ ಮುಗಿದು, ಭಂಡಾರ ಮೇಲೇರಿದ ಮೇಲೆ ಸುದ್ದಿ ಮನೆಗೆ ಬಂತು. ಅಣ್ಣ ತಂಗಿ ಬಂಟ್ವಾಳಕ್ಕೆ ಬಂದಾಗ ಗೇಟಿನಲ್ಲಿದ್ದವನು, "ಮಣ್ಣು ಮಾಡಿ ಆಯ್ತು. ಇಡುವ ಹಾಗೆ ಇರಲಿಲ್ಲ," ಎಂದ. ಯಾರು ಎತ್ತಿದರು, ಹೇಗೆ ಕಳಿಸಿದರು ಎಂದು ಕೇಳಬೇಕಾದರೆ, ನೀವು ಯಾಕೆ ಬರಲಿಲ್ಲ ಎಂಬ ಮಾತಿಗೆ ಉತ್ತರ ಕೊಡಬೇಕಿತ್ತು. ಶಂಭು ತಂಗಿಯ ಕೈ ಹಿಡಿದು ಕರೆದುಕೊಂಡು ಬಂದ. ಉತ್ತರಕ್ರಿಯೆಯ ಬೊಜ್ಜ ಕ್ರಮದಲ್ಲೇ ನಡೆಯಿತು. ದೈವಕ್ಕೆ ಬೇಕಾದದ್ದು ಅದೇ ಹೌದೋ ಎಂದು ದೈವವನ್ನು ಕೇಳಿದವರಿಲ್ಲ. ಶಂಭು ಮತ್ತೆ ಆ ಮಾತೆತ್ತದೆ ಕೆಲವು ವರ್ಷಗಳ ಹಿಂದೆ ತೀರಿಕೊಂಡ.

ಕಾವೇರಮ್ಮನೊಳಗೆ ಉಳಿದದ್ದು ಒಂದೇ ಪ್ರಶ್ನೆ. ನನ್ನ ಮಗಳನ್ನು ಯಾರಾದರೂ ಮೀಯಿಸಿದರೇ? ಅಲ್ಲ, ರೋಗದ ಕೊಳೆಯ ಜೊತೆಗೇ ಹೊಂಡಕ್ಕೆ ನೂಕಿದರೇ? ಪ್ರತಿ ವರ್ಷ ಆಟಿ ಅಮಾವಾಸ್ಯೆಗೆ, ಸತ್ತವರ ಹೆಸರಿನಲ್ಲಿ ಎಲೆ ಹಾಕುವಾಗ, ವಿನೋದಾಳ ಎಲೆಯ ಪಕ್ಕದಲ್ಲಿ ಅವರು ಒಂದು ಚೆಂಬು ಬಿಸಿನೀರನ್ನೂ ಇಡುತ್ತಿದ್ದರು. ಕುಡಿಯಲು ಬಿಸಿನೀರು ಯಾಕೆ ಎಂದು ಮನೆಯವರು ಕೇಳಿದರೆ, ಕುಡಿಯಲಿಕ್ಕಲ್ಲ ಎನ್ನುತ್ತಿದ್ದರು.

ಮಂಜು ಸ್ವಲ್ಪ ಸಡಿಲಾಯಿತು. ಲಾರಿ ಹೊರಟಿತು.

ಆಸ್ಪತ್ರೆಯ ಅಂಗಳದಲ್ಲಿ ಲಂಟಾನದ ಪೊದೆ ಎದೆಯೆತ್ತರ ಬೆಳೆದಿತ್ತು. ಗೋಡೆಯ ಮೇಲೆ, ಆಳಿನ ಕುತ್ತಿಗೆಯಷ್ಟು ಎತ್ತರದಲ್ಲಿ, ನೆರೆಯ ಕೆಂಪು ಗೆರೆ. ಬೀಗದ ಕೈ ಹಿಡಿದು ಮೆಟ್ಟಿಲಲ್ಲಿ ಕುಳಿತಿದ್ದ ಮುದುಕಿ ಎದ್ದು ನಿಂತರು. ಬಿಳಿಯ ಕುಪ್ಪಾಯ, ತಲೆಗೆ ಸುತ್ತಿದ ಬಟ್ಟೆ, ಬಾಯಲ್ಲಿ ಎಲೆಯಡಿಕೆ.

"ಇವರು ಖತೀಜಮ್ಮ," ಎಂದ ಸುಧಾಕರ ತಾಯಿಗೆ. "ಇಲ್ಲಿ ಆಯಾ ಆಗಿದ್ದವರು. ಕಟ್ಟಡ ಕೆಡವುವ ತನಕ ಬೀಗ ಇವರ ಕೈಯಲ್ಲಿ."

ಕಾವೇರಮ್ಮ ಅವರ ಮುಖವನ್ನು ನೋಡಿದರು, ಆಮೇಲೆ ಕೈಗಳನ್ನು ನೋಡಿದರು.

ಒಳಗೆ ಬಾವಲಿಗಳ ವಾಸನೆ. ಮಂಚಗಳೆಲ್ಲ ಹೊಸ ಕಟ್ಟಡಕ್ಕೆ ಹೋಗಿದ್ದವು. ಗೋಡೆಗೆ ಕಚ್ಚಿಕೊಂಡಿದ್ದ ಪಿಂಗಾಣಿ ಮಾತ್ರ ಉಳಿದಿತ್ತು. ಬೇಸಿನ್ನುಗಳ ಒಡಲಲ್ಲಿ, ಎಷ್ಟೋ ವರ್ಷ ನಳ್ಳಿ ತೊಟ್ಟಿಕ್ಕಿದ ಜಾಗದಲ್ಲಿ, ಕಂದು ಬಣ್ಣದ ಉದ್ದನೆಯ ಕಲೆ. ಅಂಚಿನಲ್ಲಿ ಯಾವುದೋ ಕಡಲಾಚೆಯ ಊರಿನ ಹೆಸರು ನೀಲಿ ಅಕ್ಷರದಲ್ಲಿತ್ತು. ಸ್ನಾನದ ತೊಟ್ಟಿಯ ತಳದಲ್ಲಿ ನೆರೆಯ ಮಣ್ಣು ಒಣಗಿ ಬಿರುಕು ಬಿಟ್ಟು, ಅದರಲ್ಲೊಂದು ಅರಳಿ ಗಿಡ ಮೊಳೆತಿತ್ತು. ದೊರೆಗಳ ಕಾಲದ ಕಮೋಡಿನೊಳಗೆ ಒಂದು ಕಪ್ಪೆ ಸಂಸಾರ ಹೂಡಿತ್ತು.

ಅಣ್ಣು ಅದರ ಸುತ್ತ ಒಂದು ಸುತ್ತು ಬಂದ. "ಇದರ ಮೇಲೆ ಕೂತ್ಕೊಳ್ಳುವುದಾ ಧನಿ? ಸಿಂಹಾಸನದ ಹಾಗೆ ಉಂಟಲ್ಲ. ಹೋಟೆಲಿನಲ್ಲಿ ಗಲ್ಲಾದ ಹಿಂದೆ ಇಡುವ, ನೀವೇ ಕೂತ್ಕೊಳ್ಳಿ."

"ನಿನ್ನ ನಾಲಗೆಯನ್ನು ಮೊದಲು ಉಳಿಯಲ್ಲಿ ಎಬ್ಬಿಸಬೇಕು ಮಾರಾಯ. ಕೆಲಸ ನೋಡು."

ಗಾರೆ ಕೆರೆದು, ಸೀಸದ ಕೊಳವೆ ಕತ್ತರಿಸಿ, ಬೇಸಿನ್ನುಗಳನ್ನು ಒಂದೊಂದಾಗಿ ಹುಲ್ಲಿನ ಹಾಸಿಗೆಯ ಮೇಲೆ ಲಾರಿಗೆ ಏರಿಸಿದರು. ಬಿಸಿಲು ಬಂದು ಅಂಗಳದ ಇಬ್ಬನಿ ಆರಿತು. ಸುಧಾಕರ ಬೆವರು ಒರೆಸಿಕೊಂಡು ಕೇಳಿದ: "ಇನ್ನೊಂದು ಉಂಟಲ್ಲ ಖತೀಜಮ್ಮ? ದೊಡ್ಡದು, ಆಳ ಇದ್ದದ್ದು. ಹರಾಜಿನ ದಿನ ಬಾಗಿಲ ಸಂದಿನಿಂದ ನೋಡಿದ್ದೆ."

"ಅದು ಆಚೆ ಕೋಣೆಯಲ್ಲಿ. ಅದು ನಿಮಗೆ ಬೇಡ."

"ಯಾಕೆ?"

"ಅದು ಹೆಣದ ಕೋಣೆ."

ಸುಧಾಕರ ಆ ಕೋಣೆಯ ಕಡೆ ನೋಡಿದ. ಎಲ್ಲಕ್ಕಿಂತ ಒಳ್ಳೆಯ ಸಾಮಾನು ಅದೇ ಎಂದು ಅವನಿಗೆ ಗೊತ್ತಿತ್ತು. "ಬ್ಲೀಚಿಂಗ್ ಪುಡಿ ಹಾಕಿ ತೊಳೆದ್ರೆ ಆಯ್ತು. ಪಿಂಗಾಣಿಗೆ ಸೂತಕ ಉಂಟಾ?"

"ಇದ್ರೂ ಗಿರಾಕಿಗಳಿಗೆ ಹೇಳುವ ಅಗತ್ಯ ಇಲ್ಲ," ಎಂದ ಅಣ್ಣು. "ದೋಸೆ ತಿಂದವರು ಬೇಸಿನ್ನಿನ ಜಾತಕ ಕೇಳ್ತಾರಾ?"

ಆ ಕೋಣೆ ಕಟ್ಟಡದಿಂದ ದೂರ, ಹೊಳೆಗೆ ಮುಖ ಮಾಡಿ ಒಂಟಿಯಾಗಿ ನಿಂತಿತ್ತು. ಕಿಟಕಿಗಳು ಮಾಡಿನ ಹತ್ತಿರ. ನಡುವೆ ಸಿಮೆಂಟಿನ ಒಂದು ಕಟ್ಟೆ, ಕಾಲಿನ ಕಡೆಗೆ ಇಳಿಜಾರು, ಸುತ್ತ ನೀರು ಹರಿಯುವ ಕಾಲುವೆ. ತಲೆಯ ಕಡೆ, ಕಟ್ಟೆಗೆ ಅಂಟಿಕೊಂಡ ಹಾಗೆ, ಗೋಡೆಯಿಂದ ಚಾಚಿದ ಕಬ್ಬಿಣದ ಎರಡು ತೋಳುಗಳ ಮೇಲೆ ಆ ಬೇಸಿನ್ನು. ಒಳಗೆ ಒಣ ಎಲೆಗಳು ತುಂಬಿದ್ದವು. ಅಣ್ಣು ಎಲೆಗಳನ್ನು ಬಾಚಿ ತೆಗೆದು, ಉಳಿ ಇಟ್ಟು ಸುತ್ತಿಗೆ ಎತ್ತಿದ.

ಕಾವೇರಮ್ಮ ಹೊಸ್ತಿಲಲ್ಲೇ ನಿಂತಿದ್ದರು. ಖತೀಜಮ್ಮ ಹೊರಗೆ ಗೋಡೆಗೆ ಒರಗಿದ್ದರು.

"ನೀವು ಇಲ್ಲಿ ಬಹಳ ಕಾಲ ಇದ್ರಾ?" ಎಂದು ಕೇಳಿದರು ಕಾವೇರಮ್ಮ.

"ಗಂಡ ಹೋದ ಮೇಲೆ ಬಂದದ್ದು. ಅಲ್ಲಿಂದ ಇಲ್ಲೇ."

"ವಾಂತಿಭೇದಿಯ ವರ್ಷ?"

"ಇದ್ದೆ. ನಾನು, ಡಾಕ್ಟ್ರು, ಕಂಪೌಂಡರು. ಉಳಿದವರಿಗೆಲ್ಲ ಆ ತಿಂಗಳು ಮನೆಯಲ್ಲಿ ಕೆಲಸ ಬಂತು." ಖತೀಜಮ್ಮನ ತುಟಿಯಲ್ಲಿ ನಗುವಿನಂಥದ್ದು ಏನೋ ಸುಳಿಯಿತು.

ಕಾವೇರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ವಿಟ್ಲದ ಕಡೆಯ ಒಂದು ಹುಡುಗಿ ಇದ್ದಳು."

ಖತೀಜಮ್ಮ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. ಎದುರಿನ ಮುಖವನ್ನು ಮೆಲ್ಲಗೆ, ಹಣೆಯಿಂದ ಗಲ್ಲದವರೆಗೆ ನೋಡಿದರು. "ಉದ್ದ ಕೂದಲಿನವಳಾ?"

ಕಾವೇರಮ್ಮ ತಲೆಯಾಡಿಸಿದರು. ಹತ್ತು ವರ್ಷ ತೊಳೆದು ಮಡಚಿಟ್ಟ ಮಾತು, ಹೊರಗೆ ಬಂದಾಗ ಎಷ್ಟೋ ಸಣ್ಣದಾಗಿ ಬಂತು. "ಅವಳನ್ನು ಯಾರಾದ್ರೂ ಮೀಯಿಸಿದ್ರಾ?"

"ನಾನೇ ಮೀಯಿಸಿದೆ."

ಒಳಗೆ ಸುತ್ತಿಗೆಯ ಸದ್ದು ನಿಂತಿತು. ಸುಧಾಕರ ಬೇಸಿನ್ನಿನ ಒಂದು ಬದಿ ಹಿಡಿದಿದ್ದ, ಅಣ್ಣು ಇನ್ನೊಂದು ಬದಿ. ಇಬ್ಬರೂ ಅದನ್ನು ಗೋಣಿಯ ಮೇಲೆ ಇಳಿಸಿ ಹಾಗೇ ಕುಕ್ಕರಗಾಲಲ್ಲಿ ಉಳಿದರು.

"ಒಂದು ದಿನ ಕಾದೆವು," ಎಂದರು ಖತೀಜಮ್ಮ. "ಮನೆಗೆ ಜನ ಹೋಗಿದೆ, ಬರ್ತಾರೆ ಅಂತ ಡಾಕ್ಟ್ರು ಹೇಳಿದ್ರು. ಹೋದವನು ಒಬ್ಬನೇ ಬಂದ. ಬೇಸಿಗೆ, ಇನ್ನು ಇಡುವ ಹಾಗೆ ಇರ್ಲಿಲ್ಲ. ನಳ್ಳಿಯಲ್ಲಿ ನೀರಿಲ್ಲ. ಬಾವಿಯಿಂದ ಹೊತ್ತು ತಂದು ಆ ಬೇಸಿನ್ನು ತುಂಬಿಸಿದೆ. ತಲೆಯನ್ನು ಅದರ ಅಂಚಿಗೆ ಇಟ್ಟು ಕೂದಲು ಬಿಚ್ಚಿ ಬಿಟ್ಟೆ. ಕೂದಲಿನಿಂದಲೇ ತುಂಬಿಹೋಯ್ತು ಅಮ್ಮ, ನೀರು ಕಾಣದ ಹಾಗೆ. ಮಲಗಿ ಮಲಗಿ ಗಂಟು ಕಟ್ಟಿತ್ತು. ನನ್ನ ಕುಪ್ಪಿಯಲ್ಲಿ ಸ್ವಲ್ಪ ತೆಂಗಿನೆಣ್ಣೆ ಇತ್ತು, ಅದನ್ನು ಹಚ್ಚಿ ಬಿಡಿಸಿದೆ."

ಕಾವೇರಮ್ಮ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು.

"ನಿಮ್ಮ ಕ್ರಮ ನನಗೆ ಗೊತ್ತಿಲ್ಲ. ಗೊತ್ತಿದ್ದದ್ದು ನಮ್ಮದು. ಬಲಬದಿಯಿಂದ ಸುರು ಮಾಡಿದೆ. ಆಮೇಲೆ ಕೂದಲನ್ನು ಮೂರು ಜಡೆ ಹಾಕಿ ಬೆನ್ನಿಗೆ ಬಿಟ್ಟೆ. ನಾವು ಹೆಂಗಸರಿಗೆ ಹಾಗೆ ಮಾಡುವುದು. ತಪ್ಪಾಗಿದ್ರೆ ಪಡೆದ ದೇವರು ಮನ್ನಿಸಲಿ."

"ಮೂರು ಜಡೆಯಾ?"

"ಮೂರು."

"ಎರಡು ಹಾಕ್ಲಿಕ್ಕೇ ಬಿಡ್ತಿರ್ಲಿಲ್ಲ ಅವಳು. ನೋವಾಗ್ತದೆ ಅಂತ ಅಂಗಳವಿಡೀ ಓಡ್ತಿದ್ದಳು."

"ನಾನು ಮೆಲ್ಲ ಬಾಚಿದೆ," ಎಂದರು ಖತೀಜಮ್ಮ.

ಹೊಳೆಯ ಕಡೆಯಿಂದ ಗಾಳಿ ಬಂತು. ಮಂಜು ಪೂರ್ತಿ ಹರಿದು, ಆಚೆ ದಡದ ಮರಳು ಬೆಳ್ಳಗೆ ಕಾಣುತ್ತಿತ್ತು.

"ಕೊನೆಗೆ ನೀರು ಕೇಳಿದಳಾ?"

"ಆ ರೋಗದಲ್ಲಿ ಎಲ್ಲರೂ ಕೇಳ್ತಾರೆ. ನಾನು ಬ್ಯಾರ್ದಿ ಮಗಾ, ಬೇರೆ ಜಾತಿ, ನನ್ನ ಕೈಯಿಂದ ಕುಡೀತೀಯಾ ಅಂತ ಕೇಳಿದೆ. ಬಾಯಿ ತೆರೆದಳು. ಕೊಟ್ಟೆ." ಆಮೇಲೆ ಖತೀಜಮ್ಮನೂ ಒಂದು ಮಾತು ಕೇಳಿದರು. ದನಿಯಲ್ಲಿ ಮುಳ್ಳಿರಲಿಲ್ಲ. "ಯಾಕೆ ಯಾರೂ ಬರ್ಲಿಲ್ಲ ಅಮ್ಮ?"

"ಮನೆಯಲ್ಲಿ ನೇಮ ಇತ್ತು."

ಖತೀಜಮ್ಮ ಆ ಸೀಮೆಯಲ್ಲೇ ಹುಟ್ಟಿ ಮುದುಕಿಯಾದವರು. ಬೇರೆ ಹೇಳಬೇಕಾಗಿರಲಿಲ್ಲ. "ಹೌದು," ಎಂದರು. "ನೇಮದ ತಿಂಗಳು ಅದು."

ಕಾವೇರಮ್ಮ ಮತ್ತೆ ಕೇಳಿದರು: "ಎಂತದು ಹೊದಿಸಿದ್ರಿ? ಆಸ್ಪತ್ರೆಯದ್ದಾ?"

"ಆಸ್ಪತ್ರೆಯಲ್ಲಿ ಆವಾಗ ಬಟ್ಟೆ ಎಲ್ಲಿತ್ತು? ರೋಗದ್ದು ಅಂತ ಎಲ್ಲ ಸುಡ್ತಿದ್ರು."

"ಮತ್ತೆ?"

ಖತೀಜಮ್ಮ ಬೀಗದ ಕೈಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. "ಪೆಟ್ಟಿಗೆಯಲ್ಲಿ ನನ್ನದೊಂದು ಇತ್ತು. ಸುಮ್ಮನೆ ಇದ್ದದ್ದು."

ಸುಮ್ಮನೆ ಇದ್ದ ಬಟ್ಟೆ ಯಾವುದೆಂದು ಕಾವೇರಮ್ಮನಿಗೆ ಗೊತ್ತಿತ್ತು. ಅವರ ನೆರೆಮನೆಯ ಮೈಮೂನಮ್ಮ ವರ್ಷಕ್ಕೊಮ್ಮೆ ಅಂಥದ್ದೊಂದನ್ನು ಪೆಟ್ಟಿಗೆಯಿಂದ ತೆಗೆದು ಬೇಲಿಯ ಮೇಲೆ ಬಿಸಿಲಿಗೆ ಹರವುತ್ತಿದ್ದರು. ಹೊಲಿಗೆ ಇಲ್ಲದ, ಮಕ್ಕಾದ ನೀರಿನಲ್ಲಿ ಅದ್ದಿ ತಂದ ಬಿಳಿಬಟ್ಟೆ. ಕಾಗೆ ಕೂರದ ಹಾಗೆ ಕೋಲು ಹಿಡಿದು ಪಕ್ಕದಲ್ಲೇ ಕಾದು, ಸಂಜೆ ಕರ್ಪೂರ ಇಟ್ಟು ಮಡಚಿ, ತನ್ನ ಕೊನೆಯ ದಿನಕ್ಕೆಂದು ಮತ್ತೆ ಪೆಟ್ಟಿಗೆಗೆ ಹಾಕುತ್ತಿದ್ದರು.

"ಬೇರೆ ಸಿಕ್ಕಿತಾ ನಿಮಗೆ?"

"ತಂದುಕೊಟ್ಟದ್ದು ಸೋದರಮಾವ. ಮಾವ ಇಲ್ಲ ಈಗ." ಖತೀಜಮ್ಮ ಹೊಳೆಯ ಕಡೆ ತಿರುಗಿ, ಮರಳಿನತ್ತ ಕೈ ತೋರಿಸಿದರು. "ಅಲ್ಲಿ ಎಲ್ಲೋ. ಜಾಗ ತೋರಿಸಬಹುದಿತ್ತು. ಎಷ್ಟೋ ನೆರೆ ಬಂದು ಹೋಯ್ತು ಅಮ್ಮ, ಮರಳು ಒಂದೇ ಕಡೆ ನಿಲ್ಲುವುದಿಲ್ಲ."

ಕಾವೇರಮ್ಮ ಕೋಣೆಯೊಳಗೆ ಹೋದರು. ಗೋಣಿಯ ಮೇಲೆ ಇಳಿಸಿದ್ದ ಬೇಸಿನ್ನಿನ ಮುಂದೆ ಕುಳಿತು, ಅದರ ಅಂಚನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕೈಯಲ್ಲಿ ಸವರಿದರು. ಅಳುವ ಸದ್ದು ಕೇಳಿಸಲಿಲ್ಲ. ಬೆನ್ನು ಮಾತ್ರ ಕದಲುತ್ತಿತ್ತು. ಸುಧಾಕರ ಗೋಡೆಯ ಕಡೆ ಮುಖ ಮಾಡಿ ನಿಂತ. ಅಕ್ಕ ತೀರಿಕೊಂಡಾಗ ಅವನು ಹದಿನಾರರ ಹುಡುಗ. ನೇಮದ ಆ ರಾತ್ರಿ ಉತ್ಸಾಹದಿಂದ ದೀವಟಿಗೆ ಹಿಡಿದವನು.

"ಅಣ್ಣು," ಎಂದ ಅವನು, ತಾಯಿ ಎದ್ದು ಹೊರಗೆ ಹೋದ ಮೇಲೆ. "ಇದನ್ನು ಕೂರಿಸು."

"ಎಲ್ಲಿ, ಲಾರಿಯಲ್ಲಾ?"

"ಇದ್ದಲ್ಲಿ."

"ಇದ್ದಲ್ಲಿಯಾ? ಬರುವ ತಿಂಗಳು ಬೀಳುವ ಗೋಡೆ ಧನಿ ಇದು."

"ಬೀಳುವಾಗ ಬೀಳಲಿ. ನಮ್ಮ ಕೈಯಿಂದ ಬೇಡ."

ಅಣ್ಣು ಇನ್ನೊಂದು ಕುಚೋದ್ಯ ಹೇಳಲು ಬಾಯಿ ತೆರೆದವನು, ಹೇಳದೆ ಹೊರಗೆ ಹೋಗಿ ಮರಳು, ಸುಣ್ಣ ಕಲಸಿದ. ಕೆಡವಲಿಕ್ಕಿರುವ ಗೋಡೆಗೆ, ಹೊಸ ಮನೆಯ ಕೆಲಸ ಮಾಡುವಷ್ಟೇ ಜೋಪಾನವಾಗಿ, ಅಂಚು ಒತ್ತಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಅದನ್ನು ಕೂರಿಸಿದ.

ಕಲ್ಲಡ್ಕದ ಹೋಟೆಲಿನಲ್ಲಿ ಉಳಿದ ಬೇಸಿನ್ನುಗಳು ಗೋಡೆಗೇರಿದವು. ಜನ ಕೈ ತೊಳೆದು, ಮೇಲಿನ ಕನ್ನಡಿಯಲ್ಲಿ ಮೀಸೆ ನೋಡಿಕೊಂಡು ಹೋದರು. ಕಾವೇರಮ್ಮ ಅದನ್ನು ನೋಡಲು ಹೋಗಲಿಲ್ಲ. ಅವರು ವಿಟ್ಲದ ಪೇಟೆಗೆ ನಡೆದು ಹೋಗಿ, ಅಂಗಡಿಯವನು ತೋರಿಸಿದ ಅಗ್ಗದ್ದನ್ನೆಲ್ಲ ಬದಿಗೆ ಸರಿಸಿ, ಬಿಳಿಯ ಬಟ್ಟೆಯ ಒಂದು ಇಡೀ ಸುರುಳಿ ತಂದರು. ಆ ವರ್ಷ ಮೈಮೂನಮ್ಮ ಮಗ ಅಬ್ದುಲ್ ರಹಿಮಾನನ ಜೊತೆ ಹಜ್ಜಿಗೆ ಹೊರಟಿದ್ದರು. ಮನೆತುಂಬ ನೆಂಟರು ಇಲ್ಲದ ಹೊತ್ತು ನೋಡಿ ಕಾವೇರಮ್ಮ ಬೇಲಿ ದಾಟಿದರು.

"ಒಂದು ಉಪಕಾರ ಆಗ್ಬೇಕಿತ್ತು ಮೈಮೂನಮ್ಮ."

"ಹೇಳಿ. ಖರ್ಜೂರವಾ? ಊರಿಗೆ ಊರೇ ಖರ್ಜೂರ ಹೇಳಿಯಾಗಿದೆ, ಬರುವಾಗ ಹಡಗು ಮುಳುಗ್ತದೆ."

"ಖರ್ಜೂರ ಅಲ್ಲ. ಇದನ್ನು ಅಲ್ಲಿಯ ನೀರಿನಲ್ಲಿ ಅದ್ದಿ ತರಬೇಕು."

ಮೈಮೂನಮ್ಮ ಕಟ್ಟು ಬಿಚ್ಚಿ ಬಟ್ಟೆಯನ್ನು ಬೆರಳ ನಡುವೆ ಉಜ್ಜಿ ನೋಡಿದರು. ಮುಖದ ನಗು ಇಳಿಯಿತು. "ಯಾರಿಗೆ ಕಾವೇರಮ್ಮ?"

"ಕೊಡಬೇಕಾದವರಿಗೆ."

ಮೈಮೂನಮ್ಮ ಮುಂದೆ ಕೇಳಲಿಲ್ಲ. ಎಷ್ಟೋ ವರ್ಷ ಬೇಲಿಯ ಎರಡು ಬದಿಗೆ ಬಾಳಿದವರು. ಯಾವುದನ್ನು ಕೇಳಬಾರದೆಂದು ಇಬ್ಬರಿಗೂ ಗೊತ್ತು. "ಹೆಂಗಸಿಗೆ ಐದು ತುಂಡು ಆಗ್ತದೆ. ಜನ ಎಷ್ಟು ಎತ್ತರ?"

"ನನಗಿಂತ ಸ್ವಲ್ಪ ಗಿಡ್ಡ."

ಮೈಮೂನಮ್ಮ ಬಟ್ಟೆಯ ತುದಿಯನ್ನು ಕಾವೇರಮ್ಮನ ಹೆಗಲಿಗೆ ಹಿಡಿದು, ಪಾದದವರೆಗೆ ಇಳಿಬಿಟ್ಟು ಅಳೆದರು. "ಸಾಕು. ಉಳಿಯುತ್ತದೆ," ಎಂದರು.

ಹಡಗು ಹೋಯಿತು, ಬಂತು. ಮಳೆಗೆ ಇನ್ನೂ ಕೆಲವು ದಿನ ಇರುವಾಗ ಕಾವೇರಮ್ಮ ಒಬ್ಬರೇ ಬಸ್ಸು ಹತ್ತಿದರು. ಹೊಳೆ ಬದಿಯ ಆಸ್ಪತ್ರೆ ಇದ್ದಲ್ಲಿ ಈಗ ಮುರಕಲ್ಲಿನ ರಾಶಿ. ಹೆಣದ ಕೋಣೆಯ ಜಾಗದಲ್ಲಿ ಎರಡು ಆಡುಗಳು ಮೇಯುತ್ತಿದ್ದವು. ಅವರು ಅಲ್ಲಿ ನಿಲ್ಲದೆ, ಕೇಳಿಕೊಂಡು, ಖತೀಜಮ್ಮ ಇರುವ ತಂಗಿಮಗಳ ಮನೆಗೆ ಬಂದರು.

ಖತೀಜಮ್ಮ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ಹೊಗೆಸೊಪ್ಪಿನ ಪುಡಿ ಹರಡಿದ ಮೊರ. ತಲೆ ಎತ್ತಿ, ಗುರುತು ಹಿಡಿದು, "ಬನ್ನಿ ಅಮ್ಮ. ಬಿಸಿಲಲ್ಲಿ ನಡೆದು ಬಂದ್ರಾ?" ಎಂದರು.

ಕಾವೇರಮ್ಮ ಚೀಲದಿಂದ ಕಟ್ಟು ತೆಗೆದು ಬಿಚ್ಚಿದರು. ಹಡಗಿನ, ಕರ್ಪೂರದ ವಾಸನೆ ಒಟ್ಟಿಗೆ ಬಂತು.

"ಮಕ್ಕಾಕ್ಕೆ ಹೋಗಿ ಬಂದದ್ದು," ಎಂದಷ್ಟೇ ಹೇಳಿದರು.

ಖತೀಜಮ್ಮ ಬಟ್ಟೆಯನ್ನು ನೋಡಿದರು. ಮೊರವನ್ನು ಬದಿಗಿಟ್ಟು, ಮೊಣಕಾಲಿಗೆ ಕೈ ಊರಿ ಎದ್ದು, ಮೆಟ್ಟಿಲ ಬಳಿಯ ಕೊಡದಿಂದ ನೀರು ಮೊಗೆದು ಕೈ ತೊಳೆದರು. ಹೊಗೆಸೊಪ್ಪಿನ ಕಂದು ಬಣ್ಣ ಬೆರಳ ಸಂದಿಯಲ್ಲಿ ಉಳಿಯಿತು. ಬೂದಿ ಹಚ್ಚಿ ಮತ್ತೊಮ್ಮೆ ತಿಕ್ಕಿದರು. ಆಮೇಲೆ ಎರಡೂ ಕೈಗಳನ್ನು ಬಿಸಿಲಿಗೆ ಚಾಚಿ, ಹನಿ ಆರುವುದನ್ನು ಕಾಯುತ್ತ ನಿಂತರು. ಕಾವೇರಮ್ಮನೂ ಬಟ್ಟೆಯನ್ನು ಎರಡು ತೋಳಿನ ಮೇಲೆ ಹಿಡಿದು ಅಂಗಳದಲ್ಲೇ ಕಾದರು.

ಅಂಗೈ ತಿರುಗಿಸಿ, ಒಣಗಿದ್ದನ್ನು ನೋಡಿಕೊಂಡು, ಖತೀಜಮ್ಮ ಕೈ ಮುಂದೆ ಮಾಡಿದರು. ಕಾವೇರಮ್ಮ ಬಟ್ಟೆಯನ್ನು ಅದರ ಮೇಲಿಟ್ಟರು.